ಇಂಜಿನ್ ಆಯಿಲ್ ಸೋರುತ್ತಿದೆ, ಯಾವ ಗ್ಯಾಸ್ಕೆಟ್ (ಎರಡು ಭಾಗಗಳ ನಡುವೆ ಸೋರದಂತೆ ತಡೆಯುವ ಪದರ) ಹೋಗಿದೆ ಅಂತ ಪತ್ತೆ ಮಾಡೋದು ಹೇಗೆ?

ಆಯಿಲ್ ತೊಟ್ಟಿಕ್ಕುವ ಜಾಗವನ್ನಷ್ಟೇ ನೋಡಿ ತೀರ್ಮಾನಿಸಬೇಡಿ. ಅದು ಮೇಲಿಂದ ಇಳಿದಿರುತ್ತದೆ, ಓಡುವಾಗಿನ ಗಾಳಿಗೆ ಹಿಂದಕ್ಕೂ ಹರಡಿರುತ್ತದೆ. ತಣ್ಣಗಿರುವಾಗ ಇಂಜಿನ್ನಿಗೆ ಡಿಗ್ರೀಸರ್ (ಜಿಡ್ಡು ತೆಗೆಯುವ ದ್ರವ) ಹಾಕಿ ಒರೆಸಿ, ಸ್ವಲ್ಪ ದೂರ ಓಡಿಸಿ, ಟಾರ್ಚ್ ಹಿಡಿದು ನೋಡಿ. ಎಲ್ಲಕ್ಕಿಂತ ಮೇಲೆ ಒದ್ದೆಯಾದ ಜಾಗವೇ ಸಾಮಾನ್ಯವಾಗಿ ಮೂಲ.

ಹಳೇ ಕಾರಲ್ಲಿ ಬಹಳ ಸಲ ಸಿಗುವುದು ಟ್ಯಾಪೆಟ್ ಕವರ್ (ಇಂಜಿನ್ನಿನ ಮೇಲಿನ ಮುಚ್ಚಳ) ಗ್ಯಾಸ್ಕೆಟ್. ಬಿಸಿಗೆ ರಬ್ಬರ್ ಗಟ್ಟಿಯಾಗಿ ಬಿರುಕು ಬಿಡುತ್ತದೆ, ಸುಟ್ಟ ಆಯಿಲ್ ವಾಸನೆ ಬರುತ್ತದೆ. ಸೋರುತ್ತೆ ಅಂತ ಸುಮ್ನೆ ಬೋಲ್ಟ್ ಜಾಸ್ತಿ ಬಿಗಿದರೆ ಕವರೇ ಸೀಳಬಹುದು! ಗ್ಯಾಸ್ಕೆಟ್ ಬದಲಿಸಿ, ಕೂರುವ ಮುಖ ಚೆನ್ನಾಗಿ ಒರೆಸಿ, ಟಾರ್ಕ್ ರೆಂಚಿನಲ್ಲಿ (ಎಷ್ಟು ಬಿಗಿ ಅಂತ ಅಳೆದು ಬಿಗಿಯುವ ಸ್ಪ್ಯಾನರ್) ಹಂತಹಂತವಾಗಿ ಬಿಗಿಯಿರಿ. ಪಿಸಿವಿ ವಾಲ್ವ್ (ಇಂಜಿನ್ನಿನ ಒಳಗಿನ ಅನಿಲ ಹೊರಬಿಡುವ ಕವಾಟ) ಕಟ್ಟಿಕೊಂಡಿದ್ದರೆ ಒಳಗಿನ ಒತ್ತಡಕ್ಕೆ ಹೊಸದೂ ಸೋರುತ್ತದೆ, ಅದನ್ನೂ ನೋಡಿ.

ಕೂಲಂಟ್ (ಇಂಜಿನ್ ತಣಿಸುವ ದ್ರವ) ಇಳಿಯುತ್ತಾ, ಸೈಲೆನ್ಸರಿನಲ್ಲಿ ನಿಲ್ಲದ ಬಿಳಿ ಹೊಗೆ ಬಂದರೆ ಹೆಡ್ ಗ್ಯಾಸ್ಕೆಟ್ (ಇಂಜಿನ್ ಬ್ಲಾಕ್ ಮತ್ತು ಅದರ ಮೇಲಿನ ಸಿಲಿಂಡರ್ ಹೆಡ್ ನಡುವಿನದು) ಮೇಲೆ ಅನುಮಾನ. ಆಗ ಓಡಿಸಬೇಡಿ, ಟೋ ಮಾಡಿಸಿ.