ಮೂರು ಗಂಟಿಗೆ ಮೂರು ಡಬ್ಬಿ

ಅಣ್ಣಾ, ಲ್ಯಾಬ್ರಡಾರ್‌ನ ಮೊಲೆಯ ಸಾಲಿನಲ್ಲಿ ಮೂರು ಗಂಟು, ನಾಳೆ ಆಪರೇಶನ್, ದೊಡ್ಡದೊಂದನ್ನು ಬಯಾಪ್ಸಿಗೆ (ಲ್ಯಾಬಿನಲ್ಲಿ ಪರೀಕ್ಷೆಗೆ) ಕಳಿಸಿದರೆ ಸಾಕಲ್ವಾ ಅಂತ ಕೇಳಿದ್ದೀರಿ. ಸಾಕಾಗುವುದಿಲ್ಲ ಮಾರಾಯ್ರೆ. ಇದೇ ಕಂಜೂಸ್‌ತನ ನಾನೂ ಮಾಡಿದ್ದೆ.

ನಮ್ಮ ನಾಯಿ ಚಿನ್ನಿಗೆ ಲಿಂಬೆಹಣ್ಣಿನಷ್ಟು ಒಂದು, ಕಡಲೆಯಷ್ಟು ಒಂದು ಇತ್ತು. ದೊಡ್ಡದನ್ನು ಮಾತ್ರ ಲ್ಯಾಬಿಗೆ ಕೊಟ್ಟೆ. ಬಿನೈನ್, ಅಂದರೆ ಕ್ಯಾನ್ಸರ್ ಅಲ್ಲ ಅಂತ ಬಂತು. ಆ ಖುಷಿಗೆ ಬಂಗುಡೆ ಬೇಯಿಸಿ, ಮುಳ್ಳು ಬಿಡಿಸಿ ಹಾಕಿದ್ದೆ. ಏಳನೇ ತಿಂಗಳಿಗೆ ಕೆಮ್ಮು ಶುರು. ಎಕ್ಸ್‌ರೇ ತೆಗೆದರೆ ಶ್ವಾಸಕೋಶದ ತುಂಬಾ ಬಿಳಿ ಚುಕ್ಕೆ, ಕ್ಯಾನ್ಸರ್ ಹಬ್ಬಿತ್ತು. ಕಡಲೆಯಷ್ಟಿದ್ದದ್ದೇ ಕೆಟ್ಟದ್ದಿರಬೇಕು. ಅದು ಆಗಲೇ ಕಸಕ್ಕೆ ಹೋಗಿತ್ತು, ಇನ್ನು ನೋಡುವುದು ಎಂತ?

ಒಂದೇ ನಾಯಿಯ ಗಂಟುಗಳೆಲ್ಲ ಒಂದೇ ಬೇರಿನವು ಅಂದುಕೊಳ್ಳಬೇಡಿ. ಒಂದೊಂದೂ ಬೇರೆ ಬೇರೆ ಜೀವಕೋಶದಿಂದ ಹುಟ್ಟಿರಬಹುದು. ಒಂದರಿಂದ ಇನ್ನೊಂದಕ್ಕೆ ಹಬ್ಬಿಯೂ ಇರಬಹುದು. ಗಡ್ಡೆಯಲ್ಲಿ ಮಾತ್ರ ಆದ ಡಿಎನ್‌ಎ ತಪ್ಪುಗಳು ಎರಡರಲ್ಲೂ ಒಂದೇ ಇದ್ದರೆ ಮೂಲವೂ ಒಂದೇ ಅಂತ ಲೆಕ್ಕ. ಹೆಂಗಸರಲ್ಲಿ ಒಂದೇ ಸ್ತನದ ಎರಡು ಗಡ್ಡೆ ಹೆಚ್ಚಾಗಿ ಒಂದೇ ಮೂಲದವು, ಎಡ ಬಲ ಎರಡರಲ್ಲೂ ಬಂದರೆ ಹೆಚ್ಚಾಗಿ ಬೇರೆ ಬೇರೆ. ನಾಯಿಗೆ ಆ ಡಿಎನ್‌ಎ ಟೆಸ್ಟ್ ಮಾಡಿಸಿ ಅಂತ ನಾನು ಹೇಳುತ್ತಿಲ್ಲ. ಮೈಕ್ರೋಸ್ಕೋಪಿನಡಿ ಪ್ರತಿಯೊಂದನ್ನೂ ನೋಡಲಿ, ಅಷ್ಟೇ. ನಾಯಿಗಳಲ್ಲಿ ಇಂಥ ಗಂಟುಗಳ ಪೈಕಿ ಹೆಚ್ಚುಕಡಿಮೆ ಅರ್ಧ ಕೆಟ್ಟವೇ.

ಮೂರಕ್ಕೆ ಮೂರು ಡಬ್ಬಿ, ಬಾಯಿ ಅಗಲದ್ದು. ಉಪ್ಪಿನಕಾಯಿ ಬಾಟಲಿ ಬೇಡ. ಮೆತ್ತಗಿದ್ದಾಗ ಒಳಗೆ ಹೋದ ಗಂಟು, ಕೊಳೆಯದಂತೆ ಇಡುವ ದ್ರವವಾದ ಫಾರ್ಮಲಿನ್‌ನಲ್ಲಿ ಗಟ್ಟಿಯಾದ ಮೇಲೆ ಹೊರಗೆ ಬರುವುದಿಲ್ಲ. 10% ಫಾರ್ಮಲಿನ್, ಗಂಟಿನ ಗಾತ್ರದ 10 ಪಟ್ಟು. ಡಾಕ್ಟರೇ ಹಾಕಲಿ, ನೀವು ಮೂಸಿ ನೋಡಲು ಹೋಗಬೇಡಿ. ಫ್ರೀಜರಿನಲ್ಲಂತೂ ಇಡಲೇಬೇಡಿ. ಚೀಟಿಯಲ್ಲಿ ‘ಬಲ 4’, ‘ಎಡ 5’ ಅಂತ ಮೊಲೆಗಳನ್ನು ಮುಂದಿನಿಂದ ಎಣಿಸಿ ಬರೆಯಿರಿ. ಸಾಮಾನ್ಯವಾಗಿ ಐದು ಜೊತೆ ಇರುತ್ತದೆ. ದುಬಾರಿ ಮಾರ್ಕರ್ ಎಲ್ಲ ಸುಮ್ನೆ, ಅಪ್ಸರಾ ಪೆನ್ಸಿಲ್ಲೇ ಬೆಸ್ಟ್, ಫಾರ್ಮಲಿನ್ ತಾಗಿದರೂ ಅಳಿಸಿ ಹೋಗುವುದಿಲ್ಲ.

ನಿಮ್ಮ ಪ್ರಶ್ನೆಗೆ ಇನ್ನೊಬ್ಬರು ಅರಿಶಿನ ಹಚ್ಚಿ ಎರಡು ತಿಂಗಳು ನೋಡಿ ಅಂದಿದ್ದಾರೆ. ನಿಮ್ಮ ನಾಯಿಗೆ ಬೇಕಾದರೆ ಹಚ್ಚಿಕೊಳ್ಳಿ ಸ್ವಾಮಿ, ಬೇರೆಯವರಿಗೆ ಹೇಳಬೇಡಿ. ಬೆಕ್ಕಾದರೆ ಎರಡು ವಾರ ಸಹ ಕಾಯಬಾರದು, ಅವುಗಳಲ್ಲಿ 10ರಲ್ಲಿ 8ಕ್ಕಿಂತ ಜಾಸ್ತಿ ಕೆಟ್ಟವೇ.

ಹೊಲಿಗೆ ನೆಕ್ಕದಂತೆ ಕುತ್ತಿಗೆಗೆ ಹಾಕುವ ಕೋನ್ ಕಾಲರ್ ಬದಲು ಮಕ್ಕಳ ಹಳೇ ಬನಿಯನ್ ಹಾಕಬಹುದು. ಮಳೆಗಾಲ, ಒದ್ದೆಯಾದರೆ ಕೂಡಲೇ ಬದಲಿಸಿ.

ಅಂದ ಹಾಗೆ, ಎದೆಯ ಎಕ್ಸ್‌ರೇ ತೆಗೆಸಿದ್ದೀರಾ? ಅದನ್ನು ನೀವು ಬರೆದೇ ಇಲ್ಲ. ಕತ್ತಿ ಹಾಕುವ ಮೊದಲು ಅದು ಆಗಬೇಕು.