ಎರಡು ಕಡೆಯವರ ಕೈಯಲ್ಲೂ ಪೂರ್ವನಿದರ್ಶನ

ಪ್ರಶ್ನೆ: ನಮ್ಮ ತಂದೆಯವರು 2002ರಲ್ಲಿ ತೀರಿಕೊಂಡರು. ಪಿತ್ರಾರ್ಜಿತ ಜಮೀನಿನಲ್ಲಿ ಮಗಳಾಗಿ ಪಾಲು ಕೇಳಿ ನಾನು ಹೂಡಿರುವ ದಾವೆಯಲ್ಲಿ ನಮ್ಮ ವಕೀಲರು ‘ಪೂರ್ವನಿದರ್ಶನ ನಮ್ಮ ಕಡೆಗಿದೆ’ ಎನ್ನುತ್ತಾರೆ. ಅಣ್ಣನ ವಕೀಲರೂ ಸುಪ್ರೀಂ ಕೋರ್ಟಿನದೇ ಒಂದು ತೀರ್ಪು ಹಾಜರುಪಡಿಸಿದ್ದಾರೆ. ಏನಿದರ ಅರ್ಥ? ಯಾವುದು ನಿಲ್ಲುತ್ತದೆ?
— ಓದುಗರೊಬ್ಬರು, ಹೊಳಲ್ಕೆರೆ

ಉತ್ತರ: ಕಾಪಿ ಪುಸ್ತಕದಲ್ಲಿ ಮೇಷ್ಟ್ರು ಮೊದಲ ಸಾಲನ್ನು ದುಂಡಗೆ ಬರೆದುಕೊಟ್ಟು, ಮಕ್ಕಳು ಅದನ್ನು ನೋಡಿ ಕೆಳಗೆ ಬರೆಯುತ್ತಿದ್ದ ಕಾಲವಿತ್ತು, ಆ ಸಾಲೇ ಮೇಲ್ಪಂಕ್ತಿ. ಪೂರ್ವನಿದರ್ಶನವೆಂದರೆ ನ್ಯಾಯಾಲಯದ ಮೇಲ್ಪಂಕ್ತಿ, ಮುಂದಿನ ಪ್ರಕರಣಗಳಲ್ಲಿ ಅನುಸರಿಸಬೇಕಾದ ಹಿಂದಿನ ತೀರ್ಪು. ಸಂವಿಧಾನದ 141ನೇ ವಿಧಿಯಂತೆ ಸುಪ್ರೀಂ ಕೋರ್ಟ್ ಸಾರಿದ ಕಾನೂನಿಗೆ ದೇಶದ ಎಲ್ಲ ನ್ಯಾಯಾಲಯಗಳೂ ಬದ್ಧ. ನಮ್ಮ ಹೈಕೋರ್ಟಿನ ನಿರ್ಣಯಕ್ಕೆ ಚಿತ್ರದುರ್ಗ, ದಾವಣಗೆರೆಯ ನ್ಯಾಯಾಲಯಗಳು ಬದ್ಧ. ಬೇರೆ ರಾಜ್ಯದ ಹೈಕೋರ್ಟಿನ ತೀರ್ಪನ್ನು ಅವು ಗೌರವದಿಂದ ಓದುತ್ತವೆ, ಅಷ್ಟೆ.

ಕಕ್ಷಿದಾರರು ಎಡವುವುದು ಇನ್ನೊಂದು ಕಡೆ. ‘ಪಕ್ಕದೂರಿನವರಿಗೆ ಇಂಥದೇ ಕೇಸಿನಲ್ಲಿ ಡಿಕ್ರಿ ಆಯಿತಲ್ಲ’ ಎಂದು ಕೇಳುವವರನ್ನು ನಾನು ವಾರಕ್ಕೊಮ್ಮೆಯಾದರೂ ನೋಡುತ್ತೇನೆ. ಮುಂದಿನ ಪ್ರಕರಣಗಳಿಗೆ ಅನ್ವಯಿಸುವುದು ತೀರ್ಪಿಗೆ ತಳಹದಿಯಾದ ಕಾನೂನಿನ ಕಾರಣವೇ ಹೊರತು, ಗೆದ್ದವರು ಯಾರೆಂಬುದೂ ಅಲ್ಲ, ನ್ಯಾಯಮೂರ್ತಿಗಳು ನಡುವೆ ಆಡಿದ ಪ್ರಾಸಂಗಿಕ ಮಾತೂ ಅಲ್ಲ.

ನಿಮ್ಮ ಅಣ್ಣನವರ ವಕೀಲರು ತೋರಿಸಿರುವುದು ಬಹುಶಃ ಕರ್ನಾಟಕದಿಂದಲೇ ಹೋದ ಪ್ರಕಾಶ್ ವಿರುದ್ಧ ಫೂಲವತಿ ಪ್ರಕರಣದ 2015ರ ತೀರ್ಪು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಕೊಟ್ಟ ಹಿಂದೂ ಉತ್ತರಾಧಿಕಾರ ಕಾಯ್ದೆಯ ತಿದ್ದುಪಡಿ ಜಾರಿಗೆ ಬಂದ 9-9-2005ರಂದು ತಂದೆ, ಮಗಳು ಇಬ್ಬರೂ ಬದುಕಿರಬೇಕೆಂದು ಅದರಲ್ಲಿ ದ್ವಿಸದಸ್ಯ ಪೀಠ ಹೇಳಿತ್ತು. 2018ರ ದಾನಮ್ಮ ಪ್ರಕರಣದಲ್ಲಿ, ತಂದೆ ಮೊದಲೇ ತೀರಿಕೊಂಡಿದ್ದರೂ, ಅಷ್ಟೇ ಬಲದ ಇನ್ನೊಂದು ಪೀಠ ಹೆಣ್ಣುಮಕ್ಕಳಿಗೆ ಪಾಲು ಕೊಟ್ಟಿತು. ಸಮಬಲದ ಪೀಠಗಳ ಮಾತು ಹೀಗೆ ಕೂಡದಿದ್ದಾಗ ವಿಷಯ ದೊಡ್ಡ ಪೀಠಕ್ಕೆ ಹೋಗುವುದು ಪದ್ಧತಿ. ವಿನೀತಾ ಶರ್ಮಾ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠವು 11-8-2020ರಂದು, ಮಗಳ ಹಕ್ಕು ಹುಟ್ಟಿನಿಂದ ಬಂದದ್ದಾದ್ದರಿಂದ 9-9-2005ರಂದು ತಂದೆ ಬದುಕಿರಬೇಕಾಗಿಲ್ಲ ಎಂದು ತೀರ್ಮಾನಿಸಿ, ಫೂಲವತಿ ತೀರ್ಪನ್ನು ತಳ್ಳಿಹಾಕಿತು. ಹಾಗಾಗಿ ಅಣ್ಣನವರ ಕೈಯಲ್ಲಿರುವುದು ಅದೇ ಆಗಿದ್ದರೆ ಈಗ ಅದು ಪೂರ್ವನಿದರ್ಶನವಲ್ಲ, ಬರೀ ಹಳೆಯ ತೀರ್ಪು.

ಆದರೆ 20-12-2004ಕ್ಕೆ ಮುಂಚೆ ನೋಂದಾಯಿತ ಪತ್ರದಿಂದಲೋ ಕೋರ್ಟಿನ ಡಿಕ್ರಿಯಿಂದಲೋ ಆದ ವಿಭಾಗವನ್ನು ಕಾಯ್ದೆಯೇ ಉಳಿಸಿದೆ. ಬಾಯಿಮಾತಿನ ಪಾಲೆಂಬ ವಾದವು, ಸರ್ಕಾರಿ ದಾಖಲೆಗಳ ಬೆಂಬಲವಿರುವ ಅಪರೂಪದ ಸಂದರ್ಭ ಬಿಟ್ಟರೆ, ನಿಲ್ಲದು. ಆದ್ದರಿಂದ ಮುಂದಿನ ವಾಯಿದೆಗೆ ಮೊದಲು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಜಮೀನಿನ ಋಣಭಾರ ಪತ್ರ ತೆಗೆಸಿ, ಆ ದಿನಾಂಕಕ್ಕೆ ಹಿಂದೆ ವಿಭಾಗ ಪತ್ರ ನೋಂದಣಿಯಾಗಿದೆಯೇ ಎಂದು ನೋಡಿಕೊಳ್ಳಿ.