ಫೈಬರ್ ಮಡ್‌ಗಾರ್ಡ್ ಹಾಕಿದೆ, ಹಿಂದಿನ ಲೈಟೇ ಹೋಯ್ತು!

ಪ್ರಶ್ನೆ: ನನ್ನ ಹಳೇ ಬೈಕಿನ ಹಿಂದಿನ ಮಡ್‌ಗಾರ್ಡ್ ತುಕ್ಕು ಹಿಡಿದು ಹೋಗಿತ್ತು. ತಗಡಿನದ್ದು ತೆಗೆದು ಫೈಬರ್‌ಗ್ಲಾಸಿನದ್ದು ತರಿಸಿದೆ, ಸೈಡ್ ಪ್ಯಾನೆಲ್ಲೂ ಅದರದ್ದೇ. ತೂತು ಇರಲಿಲ್ಲ, ನಾನೇ ಕೊರೆದೆ. ಈಗ ಹಿಂದಿನ ಲೈಟು, ಇಂಡಿಕೇಟರ್ ಎರಡೂ ಉರಿಯುತ್ತಿಲ್ಲ, ಬಲ್ಬ್ ಹೊಸದು. ಒಂದು ಪ್ಯಾನೆಲ್ ಅರ್ಧ ಬೆರಳು ಆಚೆ ನಿಲ್ಲುತ್ತದೆ. ಬೋಲ್ಟ್ ಬಿಗಿ ಮಾಡಿ ಎಳೆದು ಕೂರಿಸಬಹುದಾ? ಬಣ್ಣ ಯಾವಾಗ ಹೊಡೆಸಲಿ?

ಉತ್ತರ: ಮೊದಲು ಲೈಟು. ಸುಮ್ನೆ ವೈರಿಂಗ್ ಪೂರ್ತಿ ಬಿಚ್ಚಬೇಡಿ. ಎಷ್ಟೋ ಹಳೇ ಬೈಕುಗಳಲ್ಲಿ ಹಿಂದಿನ ಲೈಟಿಗೆ ಕರೆಂಟ್ ತರುವ ವೈರ್ ಮಾತ್ರ ಇರುತ್ತದೆ, ವಾಪಸ್ ಹೋಗುವ ದಾರಿ ಮಡ್‌ಗಾರ್ಡಿನ ತಗಡೇ. ಅಲ್ಲಿಂದ ಫ್ರೇಮಿಗೆ, ಫ್ರೇಮಿನಿಂದ ಬ್ಯಾಟರಿಗೆ. ಫೈಬರ್‌ಗ್ಲಾಸಿನಲ್ಲಿ ಕರೆಂಟ್ ಹರಿಯುವುದಿಲ್ಲ ಅಲ್ವಾ, ದಾರಿ ಅಲ್ಲೇ ಕಟ್ ಆಯಿತು. ಲೈಟಿನ ಲೋಹದ ಬುಡದಿಂದ ಒಂದು ವೈರ್, ಎರಡು ಇಂಡಿಕೇಟರ್‌ಗಳಿಂದ ಒಂದೊಂದು, ಮೂರನ್ನೂ ಸೇರಿಸಿ ಫ್ರೇಮಿನ ಒಂದು ಬೋಲ್ಟಿಗೆ ಹಾಕಿ. ಬೋಲ್ಟ್ ಕೂರುವ ಜಾಗದ ಬಣ್ಣ ಕೆರೆದು ಲೋಹ ಹೊಳೆಯುವಂತೆ ಮಾಡಿ, ಇಲ್ಲದಿದ್ದರೆ ಮತ್ತೆ ಅದೇ ಕಥೆ.

ಪ್ಯಾನೆಲ್ಲನ್ನು ಎಳೆದು ಬಿಗಿ ಮಾಡುವ ಮಾತೇ ಬೇಡ. ತಗಡಾದರೆ ಬಾಗಿ ಸುಮ್ಮನಾಗುತ್ತದೆ. ಫೈಬರ್ ಇವತ್ತು ಕೂತಂತೆ ಕಾಣಿಸಿದರೂ, ಇಂಜಿನ್ನಿನ ನಡುಕಕ್ಕೆ ಕೆಲವೇ ದಿನದಲ್ಲಿ ಬೋಲ್ಟಿನ ಸುತ್ತ ಜೇಡರ ಬಲೆಯಂತೆ ಬಿರುಕು ಬಿಡುತ್ತದೆ. ಮೊದಲು ಫ್ರೇಮಿನ ಕ್ಲಾಂಪ್ ಸೊಟ್ಟಗಿದೆಯಾ ನೋಡಿ. ಹಳೇ ಬೈಕು, ಯಾವಾಗಲೋ ಬಿದ್ದಿರುತ್ತದೆ, ಬೈಗುಳವೆಲ್ಲ ಹೊಸ ಪ್ಯಾನೆಲ್ಲಿಗೆ! ಕ್ಲಾಂಪ್ ಸರಿಯಿದ್ದರೆ ದುಂಡು ಅರದಿಂದ ತೂತನ್ನು ಸ್ವಲ್ಪ ಉದ್ದ ಮಾಡಿ. ಉಳಿದ ಸಂದಿಗೆ ರಬ್ಬರ್ ವಾಷರ್ ಕೊಡಿ. 6 ಮಿ.ಮೀ. ಬೋಲ್ಟಿಗೆ 8 ಮಿ.ಮೀ. ತೂತು ಇರಲಿ, ಹೊರಗೆ ಅಗಲದ ವಾಷರ್, ನಡುವೆ ರಬ್ಬರ್. ರಬ್ಬರ್ ಸ್ವಲ್ಪ ಒತ್ತಿಕೊಂಡರೆ ಸಾಕು, ಸಡಿಲವಾಗದ ಹಾಗೆ ಲಾಕ್ ನಟ್ ಹಾಕಿ.

ಇನ್ನೂ ಕೊರೆಯುವುದಿದ್ದರೆ ಹೊಳೆಯುವ ಬದಿಯಿಂದಲೇ ಕೊರೆಯಿರಿ. ಟೇಪ್ ಅಂಟಿಸಿ, 3 ಮಿ.ಮೀ. ಬಿಟ್‌ನಲ್ಲಿ ಶುರು ಮಾಡಿ ನಿಧಾನಕ್ಕೆ ದೊಡ್ಡದು ಮಾಡಿ. ಒಳಗಿನಿಂದ ಕೊರೆದರೆ ಮೇಲಿನ ಪದರ ಚೂರಾಗಿ ಹಾರುತ್ತದೆ. ಆ ಪುಡಿ ಗಾಜಿನ ಎಳೆ, ಚರ್ಮಕ್ಕೆ ಚುಚ್ಚಿದರೆ ತುರಿಕೆ ಜಾಸ್ತಿ, ಶ್ವಾಸಕ್ಕೂ ಒಳ್ಳೆಯದಲ್ಲ. ಮಾಸ್ಕ್, ಕನ್ನಡಕ, ತುಂಬು ತೋಳಿನ ಅಂಗಿ ಇಲ್ಲದೆ ಕೈ ಹಾಕಬೇಡಿ.

ಬಣ್ಣ ಕೊನೆಗೆ. ಎಲ್ಲ ಕೂರಿಸಿ, ಸೀಟ್ ಮೇಲೆ ಇಬ್ಬರು ಕೂತು ಬೈಕನ್ನು ಒತ್ತಿ ನೋಡಿ, ಚಕ್ರ ಮಡ್‌ಗಾರ್ಡಿಗೆ ತಾಗಬಾರದು. ಸೈಲೆನ್ಸರ್ ಪೈಪಿಗೂ ಪ್ಯಾನೆಲ್ಲಿಗೂ ನಡುವೆ ಗಾಳಿ ಆಡಬೇಕು. ಸರಿ ಅನಿಸಿದ ಮೇಲೆ ಬಿಚ್ಚಿ ಪೇಂಟಿಗೆ ಕೊಡಿ. ಫೈಬರ್ ಭಾಗ ತಯಾರಿಸುವಾಗ ಅಚ್ಚಿನಿಂದ ಸಲೀಸಾಗಿ ಬಿಡಿಸಲು ಹಚ್ಚಿದ ಮೇಣ ಮೇಲೆ ಉಳಿದಿರುತ್ತದೆ. ಅದನ್ನು ಮೊದಲು ಸಾಲ್ವೆಂಟ್‌ನಿಂದ ಒರೆಸಿ, ಆಮೇಲೆ ಎಮರಿ ಪೇಪರ್. ಉಲ್ಟಾ ಮಾಡಿದರೆ ಮೇಣ ಗೀರುಗಳೊಳಗೆ ಹೋಗಿ ಬಣ್ಣದಲ್ಲಿ ಗುಳಿ ಬೀಳುತ್ತದೆ.

ಪ್ರಶ್ನೆ: ಹಳೇ ಬೈಕಿಗೆ ಫೈಬರ್‌ಗ್ಲಾಸ್ ಪೆಟ್ರೋಲ್ ಟ್ಯಾಂಕ್ ಹಾಕಬಹುದಾ?

ಉತ್ತರ: ಬೇಡ. ಎಥೆನಾಲ್ ಬೆರೆತ ಪೆಟ್ರೋಲ್ ಎಷ್ಟೋ ಟ್ಯಾಂಕ್‌ಗಳ ರೆಸಿನ್ ಅನ್ನು, ಅಂದರೆ ಗಾಜಿನ ಎಳೆಗಳನ್ನು ಹಿಡಿದಿಡುವ ಅಂಟನ್ನು, ಮೆತ್ತಗೆ ಮಾಡುತ್ತದೆ. ಕರಗಿದ ಅಂಟು ಕಾರ್ಬುರೇಟರ್ ಸೇರುತ್ತದೆ, ಕೊನೆಗೆ ಟ್ಯಾಂಕೇ ಸೋರುತ್ತದೆ. ಕೆಳಗೆ ಬಿಸಿ ಇಂಜಿನ್ ಬೇರೆ. ತಗಡಿನ ಟ್ಯಾಂಕ್ ತೂತಾಗಿದ್ದರೆ ಅದನ್ನೇ ರಿಪೇರಿ ಮಾಡಿಸಿ.